ಕೂಸನೂರಿನ ಎರಡು ಮಾತು: ಕಿತ್ತಿಕೋ, ಹಚ್ಚಿಕೋ

ಬರುವ ಸೋಮವಾರದಿಂದ ನಾನು ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್‌ಗೆ ಸೇರುತ್ತಿದ್ದೇನೆ. ನನಗೆ ಕೊಟ್ಟಿರುವ ವಿಭಾಗದ ಹೆಸರು ‘ಸಂವಹನ’. ತಿಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಈ ಸುದ್ದಿ ಹೇಳಿದೆ. ನಮ್ಮ ಓಣಿಯ ಕಾಕಾ ಕೇಳಿದರು: “ಅಲ್ಲೋ ತಮ್ಮಾ, ಹಕ್ಕಿನ ಕೆಲಸ ಅಂದ್ರ ವಕೀಲ್ರು ನೋಡ್ಕೋತಾರ, ಕೋರ್ಟು ನೋಡ್ಕೋತೈತಿ. ನಡುವ ನಿಂದೇನು ಕೆಲಸ?”

ಆಗ ಉತ್ತರ ಹೊಳೆಯಲಿಲ್ಲ. ಹಳೆಯ ಬರಹಗಳನ್ನು ತಿರುವಿ ಹಾಕಿದಾಗ ಸಿಕ್ಕಿತು. ಅದಕ್ಕಾಗಿ ದಿಲ್ಲಿ, ಬೆಂಗಳೂರಿನ ಕಡೆ ನೋಡಬೇಕಾಗಿಯೂ ಬರಲಿಲ್ಲ. ನಮ್ಮ ಹಾನಗಲ್ಲ ತಾಲ್ಲೂಕಿನ ಕೂಸನೂರಿನಲ್ಲೇ ಆ ಉತ್ತರ ಇತ್ತು.

ಕಥೆ ಶುರುವಾಗುವುದು 1984ರಲ್ಲಿ. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇತ್ತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಅಲ್ಲಿ ಕಟ್ಟಿಗೆಯಿಂದ ತೆಗೆಯುತ್ತಿದ್ದರು. ಅದಕ್ಕೆ ನೀಲಗಿರಿ ಬೇಕು, ನೀಲಗಿರಿ ಬೆಳೆಯಲು ನೆಲ ಬೇಕು. ಸರ್ಕಾರ ಮತ್ತು ಈ ಕಂಪನಿ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಜಂಟಿ ಕಂಪನಿ ಕಟ್ಟಿದವು. ಅದಕ್ಕೆ ಕೊಡಲು ಗೊತ್ತುಮಾಡಿದ್ದು ಸುಮಾರು 30,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 75,000 ಎಕರೆ.

ಈ ನೆಲಕ್ಕೆ ಸರ್ಕಾರಿ ಕಾಗದದಲ್ಲಿ ಇದ್ದ ಹೆಸರು ‘ಸಿ ಮತ್ತು ಡಿ ದರ್ಜೆ’ ಭೂಮಿ. ಎರಡೇ ಅಕ್ಷರ. ಅದನ್ನು ಓದಿದವರಿಗೆ ಅಲ್ಲಿ ಏನೂ ಇಲ್ಲ, ಯಾರೂ ಇಲ್ಲ ಅನ್ನಿಸಬಹುದು. ಊರಿನವರಿಗೆ ಮಾತ್ರ ಅದು ದನ ಮೇಯುವ ಜಾಗ, ಒಲೆಗೆ ಪುಳ್ಳಿ ತರುವ ಜಾಗ, ಗೊಬ್ಬರದ ತಿಪ್ಪೆಗೆ ಸೊಪ್ಪು ತರುವ ಜಾಗ. ಸ್ವಂತ ಹೊಲ ಇಲ್ಲದವರ ಎಮ್ಮೆ, ಆಡು ಬದುಕುತ್ತಿದ್ದದ್ದು ಆ ನೆಲದ ಮೇಲೆ. ನೀಲಗಿರಿ ಸೊಪ್ಪನ್ನು ದನ ಮುಟ್ಟುವುದಿಲ್ಲ ಎಂದು ನಿಮಗೆ ಬೇರೆ ಹೇಳಬೇಕಿಲ್ಲ.

ಇದರ ವಿರುದ್ಧ ನಿಂತದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಎಸ್.ಆರ್. ಹಿರೇಮಠರು ಮತ್ತು ಅವರ ಸಂಗಡಿಗರು 1984ರಲ್ಲಿ ಕಟ್ಟಿದ ಸಂಘಟನೆ ಇದು. ಇವರು ಕೆಲಸವನ್ನು ಎರಡು ದಾರಿಯಲ್ಲಿ ನಡೆಸಿದರು. ಒಂದು, ಕೋರ್ಟಿನ ದಾರಿ. ಸಾಹಿತಿ ಶಿವರಾಮ ಕಾರಂತರು ಅರ್ಜಿದಾರರಾಗಿ ಮುಂದೆ ನಿಂತರು. 1987ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತು.

ಇನ್ನೊಂದು, ಊರಿನ ದಾರಿ. 1987ರ ನವೆಂಬರ್ 14ರಂದು ಜನ ಕೂಸನೂರಿನಲ್ಲಿ ಕೂಡಿದರು. ಕಂಪನಿಯ ನೆಡುತೋಪಿಗೆ ನಡೆದು ಹೋಗಿ ಸಾಂಕೇತಿಕವಾಗಿ ನೂರರಷ್ಟು ನೀಲಗಿರಿ ಸಸಿ ಕಿತ್ತರು. ಕಿತ್ತು ಸುಮ್ಮನೆ ಮನೆಗೆ ಬರಲಿಲ್ಲ. ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ಆ ಸತ್ಯಾಗ್ರಹದ ಹೆಸರೇ ‘ಕಿತ್ತಿಕೋ, ಹಚ್ಚಿಕೋ’.

ಸಂವಹನದ ಕೆಲಸ ಏನು ಎಂದು ನನಗೆ ಕಲಿಸಿದ್ದು ಈ ಎರಡು ಮಾತು. ಪುಸ್ತಕದ ಕನ್ನಡದಲ್ಲಿ ಗಿಡ ‘ನೆಡುತ್ತಾರೆ’. ನಮ್ಮ ಕಡೆ ಗಿಡ ‘ಹಚ್ಚುತ್ತೇವೆ’. ‘ಸಾಮುದಾಯಿಕ ಭೂಸಂಪನ್ಮೂಲ ಸಂರಕ್ಷಣಾ ಆಂದೋಲನ’ ಎಂದು ಹೆಸರಿಟ್ಟಿದ್ದರೆ ಪತ್ರಿಕಾ ಪ್ರಕಟಣೆಗೆ ಸಾಕಾಗುತ್ತಿತ್ತು, ಹೊಲದ ಬದುವಿನ ಮೇಲೆ ಯಾರೂ ಅದನ್ನು ಹೇಳುತ್ತಿರಲಿಲ್ಲ. ‘ಕಿತ್ತಿಕೋ, ಹಚ್ಚಿಕೋ’ ಅನ್ನುವುದು ಯಾರ ಬಾಯಲ್ಲಾದರೂ ಕೂರುತ್ತದೆ. ಬೇಡಿಕೆ ಏನು, ಮಾಡಬೇಕಾದ್ದೇನು, ಎರಡೂ ಅದರಲ್ಲೇ ಇವೆ. ಕೀಳುವುದಷ್ಟೇ ಇದ್ದಿದ್ದರೆ ಇವರು ಹಾಳು ಮಾಡುವವರು ಎಂದು ಬರೆಯುವುದು ಸುಲಭವಾಗುತ್ತಿತ್ತು. ಹಚ್ಚುವುದೂ ಇದ್ದದ್ದರಿಂದ ಹಾಗೆ ಬರೆಯುವುದು ಕಷ್ಟವಾಯಿತು.

ಕೊನೆಗೆ 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಲಾಯಿತು. ಎರಡು ಮಾತಿನಿಂದಲೇ ಗೆದ್ದರು ಎಂದು ನಾನು ಹೇಳುತ್ತಿಲ್ಲ. ಕೋರ್ಟಿನ ಕಾಗದ, ವರ್ಷಗಟ್ಟಲೆ ಸಭೆ, ಜನರ ಕಾಲ್ನಡಿಗೆ ಎಲ್ಲವೂ ಬೇಕಾಯಿತು. ಆದರೆ ಕೋರ್ಟಿನ ಕಾಗದದಲ್ಲಿದ್ದ ವಿಷಯ ಊರಿನದಾಗಲು, ಊರಿನ ನೋವು ಕಾಗದಕ್ಕೆ ಏರಲು ನಡುವೆ ಮಾತು ಬೇಕೇ ಬೇಕಿತ್ತು.

ಹಕ್ಕಿನ ಚರಿತ್ರೆಯಲ್ಲಿ ಇಂಥದ್ದು ಬೇರೆಡೆಯೂ ಸಿಗುತ್ತದೆ. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಮುಗಿಯದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬರಹ ಬಂತು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಅದರಿಂದ ಬಿಡುಗಡೆಯಾದ ಕೈದಿಗಳು ಸುಮಾರು 40,000. ಅಲ್ಲಿ ವಕೀಲರಿಗಿಂತ ಮೊದಲು ಬಂದದ್ದು ಬರಹ.

1948ರ ಮಾನವ ಹಕ್ಕುಗಳ ಘೋಷಣೆಯನ್ನೇ ನೋಡಿ. ಅದರ ಕರಡಿನಲ್ಲಿ ‘ಎಲ್ಲ ಗಂಡಸರು’ ಎಂಬ ಅರ್ಥವೂ ಬರುವ ಮಾತಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಪಟ್ಟು ಹಿಡಿದು ಅದನ್ನು ‘ಎಲ್ಲ ಮಾನವರು’ ಎಂದು ಮಾಡಿಸಿದರು. ಒಂದು ಪದ ಬದಲಾದದ್ದಕ್ಕೆ ಅರ್ಧ ಜಗತ್ತು ಹೊರಗೆ ಉಳಿಯುವುದು ತಪ್ಪಿತು.

ಹಾಗಾಗಿ ಕಾಕಾಗೆ ನನ್ನ ಉತ್ತರ ಇದು: ‘ಸಿ ಮತ್ತು ಡಿ ದರ್ಜೆ’ ಎಂದು ಬರೆದದ್ದನ್ನು ಕಂಡಾಗ ಅಲ್ಲಿ ಯಾರ ದನ ಮೇಯುತ್ತಿವೆ ಎಂದು ಕೇಳಿ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಆ ದನ ಕಾಯುವವರಿಗೇ ಮೊದಲು ಓದಿ ಹೇಳುವುದೂ ನನ್ನ ಕೆಲಸ. ಅವರಿಗೆ ತಿಳಿಯದಿದ್ದರೆ ತಪ್ಪು ಅವರದಲ್ಲ, ನನ್ನದು.

ಒಂದು ಕೊರತೆ ಮಾತ್ರ ಕಾಡುತ್ತಿದೆ. ನಾನು ಓದಿದ ಬರಹಗಳಲ್ಲಿ ಕಂಪನಿ ಇದೆ, ಕೋರ್ಟ್ ಇದೆ, ದಿನಾಂಕ ಇದೆ. ಅಂದು ಬಗ್ಗಿ ಸಸಿ ಕಿತ್ತ, ಕೈ ಮಣ್ಣು ಮಾಡಿಕೊಂಡು ಗಿಡ ಹಚ್ಚಿದ ಹೆಣ್ಣುಮಕ್ಕಳ ಮಾತು ಕಡಿಮೆ. ಅಂದು ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತರ ಹತ್ತಿರ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಇವತ್ತು ರಾತ್ರಿ ಊಟ ಆದ ಮೇಲೆ ಫೋನನ್ನು ಅವರ ಮುಂದಿಡಿ, ರೆಕಾರ್ಡ್ ಒತ್ತಿ, “ಅವತ್ತು ಏನಾತು ಹೇಳಬೇ” ಅನ್ನಿ. ಅವರು ಹೇಳಿದ ಮಾತನ್ನು ತಿದ್ದಬೇಡಿ.