ಪ್ರಾಪರ್ಟಿ ಇಲ್ಲದವರ ರಂಗಪರಿಕರ

ನಾಟಕದವರು ಗದೆ, ಕಿರೀಟ, ಕುರ್ಚಿ, ಲಾಟೀನು ಎಲ್ಲವನ್ನೂ ಸೇರಿಸಿ 'ಪ್ರಾಪರ್ಟಿ' ಅಂತಾರೆ. ರಾಜಾಜಿನಗರ, ವಿಜಯನಗರದ ಬೀದಿಗಳಲ್ಲಿ ಅದೇ ಮಾತಿಗೆ ಸೈಟು, ಮನೆ ಅನ್ನೋ ಅರ್ಥ. ಈ ಎರಡೂ ಅರ್ಥಗಳನ್ನು ಒಟ್ಟಿಗಿಟ್ಟು ನೋಡಿದರೆ ಕನ್ನಡ ರಂಗಭೂಮಿಯ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ. ನಾಟಕಕಾರ, ನಟ, ಕಂಪನಿ ಮಾಲೀಕರ ಬಗ್ಗೆ ನಾವು ಪುಟಗಟ್ಟಲೆ ಓದಿದ್ದೇವೆ. ಗದೆ ಮಾಡಿದ ಕೈ ಯಾವುದು, ವಾದ್ಯದ ತೊಗಲು ಯಾವ ಕೇರಿಯಿಂದ ಬಂತು ಎಂದು ಕೇಳಿದವರು ಕಡಿಮೆ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ವೈಭವವನ್ನೇ ಬಂಡವಾಳ ಮಾಡಿಕೊಂಡಿತು. ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ಜೀವಂತ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ಆನೆ ತರಲಾಗದ ಹಳ್ಳಿಗಳು ಆ ವೈಭವವನ್ನು ಬಾಡಿಗೆಗೆ ತಂದವು. ಕೆಂಗೇರಿ, ಮಾಗಡಿ ರಸ್ತೆ ಕಡೆಯ ಪೌರಾಣಿಕ ನಾಟಕಗಳಿಗೆ ಪರದೆ, ಭುಜಕೀರ್ತಿ, ಗದೆ ಎಲ್ಲ ಡ್ರಾಮಾ ಸೀನರಿಯವರಿಂದ ಒಂದು ರಾತ್ರಿಯ ಮಟ್ಟಿಗೆ ಬರುತ್ತವೆ. ಪಾತ್ರಕ್ಕೂ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣರದ್ದು ದುಬಾರಿ. ಜಮೀನಿದ್ದವನಿಗೆ ರಟ್ಟಿನ ಸಿಂಹಾಸನವೂ ಸಲೀಸು!

ಈ ಪರಿಕರಗಳು ಆಗುವುದಾದರೂ ಹೇಗೆ? ಕಾಗದ ನೆನೆಸಿ, ರುಬ್ಬಿ, ಮೆಂತ್ಯ ಇಲ್ಲವೆ ಹುಣಸೆಬೀಜದ ಸರಿ ಕಲಸಿ ಮಣ್ಣಿನ ಅಚ್ಚಿಗೆ ಮೆತ್ತುತ್ತಾರೆ. ಒಣಗಿದ ಮೇಲೆ ಬೇಗಡೆ, ಕನ್ನಡಿ ಚೂರು, ಗಾಜಿನ ಮಣಿ ಅಂಟಿಸುತ್ತಾರೆ. ರಾತ್ರಿಯೆಲ್ಲ ಹೆಗಲ ಮೇಲಿಟ್ಟುಕೊಂಡು ಪದ್ಯ ಹೇಳಬೇಕಲ್ಲ, ಗದೆ ಹಗುರವಾಗಿರಲೇಬೇಕು. ಚಿನ್ನ ಸುಳ್ಳು, ವಜ್ರ ಸುಳ್ಳು. ಸುಳ್ಳಲ್ಲದ್ದು ತೊಗಲು. ಸತ್ತ ದನ ಹೊತ್ತು, ಸುಲಿದು, ಕೂದಲು ಹೆರೆದು, ಎಳೆದು ಬಿಗಿದು ಒಣಗಿಸಿದ ಕೈಗಳಿಲ್ಲದೆ ತಮಟೆಯಿಲ್ಲ. ನಾಟಕ ಶುರುವಾಗೋ ಮುಂಚೆ ವಾದ್ಯಗಳಿಗೆ ಹೂವು, ಕುಂಕುಮ ಏರುತ್ತದೆ. ತೊಗಲು ಪೂಜೆಗೆ ಬಂತು. ಸುಲಿದ ಕೈ ಕೇರಿಯಲ್ಲೇ ಉಳಿಯಿತು. ಜಾತಿ ವಸ್ತುವನ್ನು ಮಡಿ ಮಾಡಿಕೊಳ್ಳುತ್ತದೆ, ಮನುಷ್ಯನನ್ನಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಪರಂಪರೆ ಇದೆ. ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ರಾಮನ ಬಾಣವನ್ನು ಶಂಬೂಕನಿಂದ ತಿರುಗಿಸಿ ದೂರು ತಂದ ಬ್ರಾಹ್ಮಣನ ಬೆನ್ನು ಹತ್ತಿಸಿದರು. ಹಳೆಯ ಪರಿಕರವೇ, ಗುರಿ ಮಾತ್ರ ಹೊಸದು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟರು. ಅದು ಸಿಜಿಕೆ ನಿರ್ದೇಶನದ 'ಬೆಲ್ಚಿ' ಬೀದಿನಾಟಕವಾಯಿತು, ಸಮುದಾಯ ಅದನ್ನು ಊರೂರಿಗೆ ಒಯ್ದಿತು. ಬೀದಿಗೆ ಸೀನರಿ ಗಾಡಿ ಬೇಕಿಲ್ಲ. ನಟರ ಮೈಯೇ ಪ್ರಾಪರ್ಟಿ. ದೇವನೂರರ 'ಒಡಲಾಳ'ವನ್ನೂ ಸಿಜಿಕೆ ರಂಗಕ್ಕೆ ತಂದರು, ಉಮಾಶ್ರೀ ಸಾಕವ್ವ ಆದರು. ಆ ಕಥೆಯಲ್ಲಿ ಕದ್ದು ತಂದ ಕಡ್ಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಹಸಿದವರ ಕೈಯಲ್ಲಿ ಕಡ್ಲೆಕಾಯಿ ಅಲಂಕಾರವಲ್ಲ. ಅದು ಸಾಕ್ಷಿ, ಅದೇ ಊಟ.

ಈಗ ನಗರದ ರಂಗಕ್ಕೂ ತಮಟೆ ಬಂದಿದೆ. ಸಂತೋಷವೇ. ಆದರೆ ಸಾವಿಗೆ ಬಡಿಯುವ ಬಿಟ್ಟಿ ಚಾಕರಿ ಬೇಡವೆಂದು ತಮಟೆ ಕೆಳಗಿಟ್ಟವರ ಸ್ವಾಭಿಮಾನವೂ ನಮ್ಮ ಚರಿತ್ರೆಯೇ. ಅದನ್ನು ಮರೆತು ತಮಟೆಯನ್ನು ಬರೀ 'ಜಾನಪದ ಸೊಗಡು' ಮಾಡಿದರೆ ಅದು ಮತ್ತೆ ಕುಲಕಸುಬಿಗೇ ಕಟ್ಟಿಹಾಕಿದ ಹಾಗೆ. ಬಡಿಯುವವನಿಗೆ ನಟನ ಸಮ ಸಂಭಾವನೆ ಉಂಟಾ, ಕರಪತ್ರದಲ್ಲಿ ಹೆಸರು ಉಂಟಾ, ಬೇಡ ಅನ್ನೋ ಹಕ್ಕು ಉಂಟಾ? ದಲಿತ ವಿಮರ್ಶೆ ನಾಟಕ ನೋಡಲು ಕೂರುವ ಮೊದಲು ಪರದೆಯ ಹಿಂದೆ ಹೋಗಿ ಇದನ್ನು ಕೇಳಬೇಕು.