ಮುಮ್ಮಡಿ ಕೃಷ್ಣರಾಜ ಒಡೆಯರವರ ಚದುರಂಗವಿನೋದ

ಕಾಲಕ್ಷೇಪವೆಂಬ ಮಾತಿಗೆ ಲೋಕದಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಉದ್ಯೋಗದಲ್ಲಿರುವವನು ಆಟಕ್ಕೆ ಕುಳಿತರೆ ಸೋಮಾರಿಯೆನ್ನುವರು. ಉದ್ಯೋಗದಿಂದ ನಿವೃತ್ತನಾದವನು ಕುಳಿತರೆ, ಪಾಪ, ಹೊತ್ತು ಹೋಗಬೇಕಲ್ಲವೆ ಎಂದು ಕನಿಕರಿಸುವರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಚದುರಂಗದ ಮಣೆಯನ್ನು ಜಗಲಿಯ ಮೇಲಿರಿಸಿಕೊಂಡು ಸಂಜೆಯವರೆಗೂ ಕದಲದೆ ಕುಳಿತಿರುವ ವೃದ್ಧರನ್ನು ಕಂಡವರು ಈ ಎರಡು ಮಾತುಗಳನ್ನೂ ಒಪ್ಪಲಾರರು. ಜೀವಮಾನವೆಲ್ಲ ಅಮಲ್ದಾರರ ಮುಂದೆ ಕೈಕಟ್ಟಿ ನಿಂತ ಗುಮಾಸ್ತರು ಅಲ್ಲಿ ಮಂತ್ರಿಯನ್ನು ಮನಬಂದಂತೆ ಓಡಿಸುವರು, ಆನೆಯನ್ನು ಕೊಟ್ಟು ಕುದುರೆಯನ್ನು ಕೊಳ್ಳುವರು, ಕೊನೆಗೆ ದೊರೆಯನ್ನೇ ಕಟ್ಟಿಹಾಕುವರು. ಗೆದ್ದವರಿಗೆ ದೊರೆಯುವುದು ಹೆಚ್ಚೆಂದರೆ ಒಂದು ಲೋಟ ಕಾಫಿ. ಸೋತವರು ಕಳೆದುಕೊಳ್ಳುವುದು ಆ ರಾತ್ರಿಯ ಅರ್ಧ ನಿದ್ರೆ. ನಡಸಬೇಕಾಗಿದ್ದ ಕಾಯಿ ಯಾವುದೆಂಬುದು ಹಾಸಿಗೆಯಲ್ಲಿ ಹೊಳೆಯುವುದೇ ಆ ಅನಿದ್ರೆಗೆ ಕಾರಣ. ಮರುದಿನ ಇಬ್ಬರೂ ಮತ್ತೆ ಅದೇ ಜಗಲಿಗೆ ಬರುವರು.

ಈ ಬಗೆಯ ವಿಶ್ರಾಂತರಿಗೆಲ್ಲ ಮೈಸೂರು ಸೀಮೆಯಲ್ಲಿ ಒಬ್ಬ ಮೂಲಪುರುಷರಿದ್ದಾರೆ. ಅವರು ಶ್ರೀಮನ್ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರವರು. ಉಳಿದವರು ವಯಸ್ಸಾಗಿ ನಿವೃತ್ತರಾದರೆ, ಈ ಪ್ರಭುಗಳನ್ನು ನಡುವಯಸ್ಸಿನಲ್ಲಿಯೇ ಪರರು ನಿವೃತ್ತರನ್ನಾಗಿ ಮಾಡಿದರು. ಇವರ ವಿನೋದಗಳನ್ನು ಕುರಿತು ವಿಚಾರ ಮಾಡುವಾಗ ಈ ಭೇದವನ್ನು ಮರೆಯಲಾಗದು.

ಒಡೆಯರವರು ಜನಿಸಿದ್ದು 1794ರಲ್ಲಿ. ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿ, ಐದು ವರ್ಷ ತುಂಬುವುದಕ್ಕೆ ಮೊದಲೇ, ಅವರಿಗೆ ಪಟ್ಟಾಭಿಷೇಕವಾಯಿತು. ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ವಹಿಸಿದ್ದು, 1810ರ ಸುಮಾರಿಗೆ ಅದು ಮಹಾರಾಜರ ಕೈಸೇರಿತು. ಮುಂದೆ ನಗರದ ದಂಗೆಯನ್ನು ಕಾರಣವಾಗಿ ಹಿಡಿದು, ಗವರ್ನರ್ ಜನರಲ್ ಬೆಂಟಿಂಕನು 1831ರಲ್ಲಿ ಆಡಳಿತವನ್ನು ತೆಗೆದುಕೊಂಡು ಕಮಿಷನರುಗಳಿಗೆ ಒಪ್ಪಿಸಿದನು. ಆಗ ಮಹಾರಾಜರಿಗೆ ಮೂವತ್ತೇಳು ವರ್ಷ. ಅಲ್ಲಿಂದ ಮುಂದೆ, 1868ನೆಯ ಮಾರ್ಚಿಯಲ್ಲಿ ಕಾಲವಾಗುವವರೆಗೆ, ಅವರು ಬದುಕಿದ್ದುದೂ ಹೆಚ್ಚುಕಡಮೆ ಅಷ್ಟೇ ವರ್ಷ. ಆಯುಸ್ಸಿನ ಒಂದರ್ಧ ರಾಜ್ಯದೊಡನೆ, ಮತ್ತೊಂದರ್ಧ ರಾಜ್ಯವಿಲ್ಲದೆ. ಬಿರುದು ಬಾವಲಿಗಳು ಉಳಿದುವು, ದಸರೆಯ ದರ್ಬಾರು ಉಳಿಯಿತು, ವರ್ಷಾಶನವೂ ಕಂದಾಯದಲ್ಲಿ ಐದನೆಯ ಒಂದು ಪಾಲೂ ಬರುತ್ತಿದ್ದುವು. ಅಪ್ಪಣೆ ಮಾಡುವ ಅಧಿಕಾರ ಮಾತ್ರ ಇರಲಿಲ್ಲ.

ಚತುರಂಗವೆಂಬ ಹೆಸರು ರಥ, ಗಜ, ತುರಗ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳಿಂದ ಬಂದುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಈ ಅಂಗಗಳು ಮೈಸೂರಿನ ದೊರೆಯ ಕೈಯಿಂದ ಹೇಗೆ ಜಾರಿದುವೆಂಬುದಕ್ಕೆ ಮೇಲೆ ಹೇಳಿದ ತಾಲ್ಲೂಕುಗಳೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪೂಸುಲ್ತಾನನ ಕಾಲಕ್ಕೆ ಅಮೃತಮಹಲೆನಿಸಿಕೊಂಡಿತು. ಅದರ ಎತ್ತುಗಳು ತೋಪುಗಳನ್ನೂ ಸಾಮಗ್ರಿಗಳನ್ನೂ ಎಳೆದುಕೊಂಡು ದಂಡಿನ ವೇಗಕ್ಕೆ ಸರಿಯಾಗಿ ನಡೆಯುವುದಕ್ಕೆ ಹೆಸರಾಗಿದ್ದುವು. 1799ರ ಬಳಿಕ ಕೆಲವು ಕಾಲ ಮೈಸೂರು ಸರ್ಕಾರದ ಕೈಯಲ್ಲಿದ್ದ ಈ ದನಗಳ ಇಲಾಖೆಯನ್ನು 1813ರ ವೇಳೆಗೆ ಕಂಪೆನಿಯ ಸೇನಾಧಿಕಾರಿಗೆ ಒಪ್ಪಿಸಲಾಯಿತು. ಹುಣಸೂರು ಅದರ ಮುಖ್ಯಸ್ಥಾನವಾಯಿತು. ಕೊಡಗಿನವರಿಗೂ ಮೈಸೂರಿನವರಿಗೂ ಬಹುಕಾಲದ ವ್ಯಾಜ್ಯಕ್ಕೆ ಕಾರಣವಾಗಿದ್ದ ಪಿರಿಯಾಪಟ್ಟಣದ ಕೋಟೆಗೆ, ಕೊಡಗೂ 1834ರಲ್ಲಿ ಕಂಪೆನಿಗೆ ಸೇರಿದ ಮೇಲೆ, ಕಾಯುವ ಗಡಿಯೇ ಇಲ್ಲದಂತಾಯಿತು. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಆನೆಗಳೇನೋ ಇದ್ದುವು. ಆ ಕಾಡಿನ ಮೇಲಿನ ಆಳ್ವಿಕೆ ಕಮಿಷನರರದು. ಹೀಗೆ ಚತುರಂಗಬಲವು ಮಹಾರಾಜರ ಆಜ್ಞೆಯನ್ನು ಕೇಳುತ್ತಿದ್ದ ಸ್ಥಳ ಒಂದೇ ಉಳಿಯಿತು. ಅದು ಅರುವತ್ತುನಾಲ್ಕು ಮನೆಗಳ ಮಣೆ.

ರಾಜ್ಯ ಕಳೆದುಕೊಂಡ ಅರಸನು ಆಟದಲ್ಲಿ ಮುಳುಗಿದನೆಂದರೆ ಜನರು ಒಡನೆಯೇ ಲಖ್ನೋವಿನ ಕಥೆಯನ್ನು ನೆನೆಯುವರು. ಅಯೋಧ್ಯೆಯ ನವಾಬನ ಪದಚ್ಯುತಿಯಾದ 1856ರ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡು ಪ್ರೇಮಚಂದರು 1924ರಲ್ಲಿ ಬರೆದ ಕಥೆಯಲ್ಲಿ, ಇಬ್ಬರು ಶ್ರೀಮಂತರು ನಾಡು ಕೈತಪ್ಪುತ್ತಿರುವಾಗ ಊರ ಹೊರಗೆ ಚದುರಂಗವಾಡುತ್ತ ಕುಳಿತಿರುತ್ತಾರೆ. ಆ ಕಥೆಯ ನೀತಿ ಸರಿಯಾದುದೇ. ಆದರೆ ಅದನ್ನು ಮೈಸೂರಿಗೆ ಹೊಂದಿಸುವುದು ನ್ಯಾಯವಲ್ಲ. ಮಹಾರಾಜರ ಆಡಳಿತದಲ್ಲಿ ಲೋಪಗಳಿರಲಿಲ್ಲವೆಂದು ಯಾರೂ ಹೇಳುವುದಿಲ್ಲ. ದುಂದುವೆಚ್ಚದ ಮಾತನ್ನು ಅವರ ಹಿತಚಿಂತಕರೂ ಮರೆಮಾಚಿಲ್ಲ. ಆದರೆ ಚದುರಂಗದಿಂದ ರಾಜ್ಯ ಹೋಗಲಿಲ್ಲ. ರಾಜ್ಯ ಹೋದ ಮೇಲೆ, ಸೆರೆಯೂ ಅಲ್ಲದ ಸ್ವಾತಂತ್ರ್ಯವೂ ಅಲ್ಲದ ಆ ದೀರ್ಘವಾದ ಬಿಡುವಿನಲ್ಲಿ, ಚದುರಂಗವು ಒಂದು ಕೃಷಿಯಾಗಿ ಬೆಳೆಯಿತು. ಆಟದೊಡನೆ ಹಕ್ಕಿನ ಹೋರಾಟವೂ ನಡೆದೇ ಇತ್ತು. 1844ರಲ್ಲಿ ಹಾರ್ಡಿಂಜನಿಗೂ 1861ರಲ್ಲಿ ಕ್ಯಾನಿಂಗನಿಗೂ ರಾಜ್ಯವನ್ನು ಹಿಂದಿರುಗಿಸಬೇಕೆಂದು ಅವರು ಬರೆದರು. ಆಟಕ್ಕೆ ಕುಳಿತವರು ರಾಜ್ಯವನ್ನು ಮರೆತಿರಲಿಲ್ಲ.

ಅರಸರಿಗೆ ಚದುರಂಗವು ಹೊಸದೇನೂ ಅಲ್ಲ. ಹರ್ಷಚಕ್ರವರ್ತಿಯ ಕಾಲದಲ್ಲಿ ಚತುರಂಗದ ಕಲ್ಪನೆಯು ಅಷ್ಟಾಪದವೆಂಬ ಮಣೆಯ ಮೇಲೆ ಮಾತ್ರ ಉಂಟೆಂದು ಬಾಣಭಟ್ಟನು ಶ್ಲೇಷೆಯಿಂದ ಸೂಚಿಸುತ್ತಾನೆ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದ ಕ್ರೀಡಾವಿಂಶತಿಯಲ್ಲಿ ಈ ಆಟದ ನಿರೂಪಣೆಯಿದೆ. ಕನ್ನಡ ನಾಡಿನ ದೊರೆಯೊಬ್ಬನು ಚದುರಂಗವನ್ನು ಶಾಸ್ತ್ರಗ್ರಂಥದಲ್ಲಿ ಸೇರಿಸಿದ ಏಳು ನೂರು ವರ್ಷಗಳ ಬಳಿಕ ಮತ್ತೊಬ್ಬ ದೊರೆ ಅದೇ ಕೆಲಸವನ್ನು ಕೈಕೊಂಡನೆಂಬುದು ಸಂತೋಷದ ಸಂಗತಿ. ಮುಮ್ಮಡಿಯವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳುಂಟು. ಶಕ್ತಿ, ವಿಷ್ಣು, ಶಿವ ಮೊದಲಾದ ದೇವತೆಗಳ ಧ್ಯಾನಸ್ವರೂಪಗಳನ್ನು ಚಿತ್ರಸಹಿತವಾಗಿ ಹೇಳಿದ ಮೇಲೆ, ಕೊನೆಯ ನಿಧಿಗೆ ಕೌತುಕನಿಧಿಯೆಂದು ಹೆಸರಿಟ್ಟು, ಅದರಲ್ಲಿ ಆಟಗಳಿಗೆ ಎಡೆಕೊಟ್ಟಿದ್ದಾರೆ. ದೇವತೆಗಳ ಗ್ರಂಥದಲ್ಲಿಯೇ ಆಟಕ್ಕೂ ಒಂದು ನಿಧಿಯನ್ನು ಮೀಸಲಿಟ್ಟುದು, ಆಟವನ್ನು ಅವರು ಎಷ್ಟು ಗೌರವದಿಂದ ಕಂಡರೆಂಬುದನ್ನು ತೋರಿಸುತ್ತದೆ.

ಇಬ್ಬರು ಕುಳಿತು ಆಡುವ ಆಟಕ್ಕಿಂತಲೂ ಒಬ್ಬರೇ ಕುಳಿತು ಬಿಡಿಸುವ ಕುದುರೆನಡೆಯಲ್ಲಿ ಮಹಾರಾಜರಿಗೆ ಅಸಾಧಾರಣವಾದ ಪರಿಶ್ರಮವಿತ್ತು. ಅದರ ನಿಯಮವು ಹೇಳುವುದಕ್ಕೆ ಬಹಳ ಸುಲಭ. ಬರಿದಾದ ಮಣೆಯ ಮೇಲೆ ಒಂದೇ ಕುದುರೆಯನ್ನಿಟ್ಟು, ಅದು ತನ್ನ ನಡೆಯಲ್ಲಿಯೇ ಹಾರುತ್ತ ಅರುವತ್ತುನಾಲ್ಕು ಮನೆಗಳನ್ನೂ ಮುಟ್ಟಬೇಕು. ಯಾವ ಮನೆಗೂ ಎರಡನೆಯ ಸಲ ಹೋಗಕೂಡದು. ಮಾಡಲು ಹೊರಟವರಿಗೆ ಕಷ್ಟವು ತಿಳಿಯುತ್ತದೆ. ಮಣೆಯ ನಡುವಣ ಮನೆಯಿಂದ ಕುದುರೆಗೆ ಎಂಟು ದಾರಿಗಳು; ಅಂಚಿಗೆ ಬಂದರೆ ನಾಲ್ಕೋ ಮೂರೋ; ಮೂಲೆಯಲ್ಲಿ ಎರಡೇ, ಒಂದು ಬರುವುದಕ್ಕೆ, ಮತ್ತೊಂದು ಹೋಗುವುದಕ್ಕೆ. ಹೊಸಬನು ವಿಶಾಲವಾದ ನಡುವಿನಲ್ಲಿ ಉತ್ಸಾಹದಿಂದ ಕುಣಿದಾಡಿ, ಐವತ್ತೈದು ಅರುವತ್ತು ಮನೆಗಳವರೆಗೆ ಬಂದು, ಮರೆತುಬಿಟ್ಟ ಮೂಲೆಯೊಂದನ್ನು ನೋಡಿ ಹಣೆ ಬಡಿದುಕೊಳ್ಳುವನು. ಮುಂದಕ್ಕೆ ಅತಿ ಕಡಮೆ ದಾರಿಗಳಿರುವ ಮನೆಗೇ ಮೊದಲು ಹೋಗಬೇಕೆಂಬ ಸೂತ್ರವನ್ನು ಜರ್ಮನಿಯ ವಾರ್ನ್ಸ್‌ಡಾರ್ಫನು 1823ರಲ್ಲಿ ಪ್ರಕಟಿಸಿದನು. ದಿಕ್ಕಿಲ್ಲದವರ ಮನೆಗೆ ಮೊದಲು ಹೋಗಿಬರಬೇಕೆಂಬ ಹಿರಿಯರ ಬುದ್ಧಿವಾದದಂತೆಯೇ ಇದೂ. ಹೊರಟ ಮನೆಗೇ ಒಂದು ಹಾರಿಕೆಯಲ್ಲಿ ಮರಳಬಹುದಾದ ಮುಚ್ಚುನಡೆಗಳ ಸಂಖ್ಯೆಯು ಹದಿಮೂರು ಲಕ್ಷ ಕೋಟಿಗೂ ಹೆಚ್ಚೆಂದು ಈಚಿನ ಗಣಿತಜ್ಞರು ಯಂತ್ರಸಹಾಯದಿಂದ ಎಣಿಸಿದ್ದಾರೆ. ದಾರಿಗಳು ಇಷ್ಟಿದ್ದೂ ಒಂದು ದಾರಿ ಸಿಕ್ಕದೆ ಪರದಾಡುವುದರಲ್ಲಿಯೇ ಈ ವಿನೋದದ ಸ್ವಾರಸ್ಯವಿದೆ.

ಸಂಸ್ಕೃತ ಕವಿಗಳು ಈ ನಡೆಯನ್ನು ಬಹು ಹಿಂದೆಯೇ ಅರಿತಿದ್ದರು. ಕಾಶ್ಮೀರದ ಅಲಂಕಾರಿಕ ರುದ್ರಟನು ಒಂಬತ್ತನೆಯ ಶತಮಾನದಲ್ಲಿಯೇ ತುರಗಪದಬಂಧವನ್ನು ಚಿತ್ರಕಾವ್ಯದಲ್ಲಿ ಸೇರಿಸಿದ್ದಾನೆ. ವೇದಾಂತದೇಶಿಕರು ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಮೂವತ್ತೆರಡು ಅಕ್ಷರಗಳ ಒಂದು ಶ್ಲೋಕವನ್ನು ಅರ್ಧಮಣೆಯ ಮನೆಗಳಲ್ಲಿ ಬರೆದು ಕುದುರೆನಡೆಯಲ್ಲಿ ಓದಿದರೆ ಮತ್ತೊಂದು ಶ್ಲೋಕವಾಗುವಂತೆ ಹೆಣೆದಿದ್ದಾರೆ. ಯೂರೋಪಿನಲ್ಲಿ ಆಯ್ಲರನು ಇದನ್ನು ಗಣಿತದ ಪ್ರಶ್ನೆಯಾಗಿ ವಿಚಾರಮಾಡಿದ್ದು 1759ರಲ್ಲಿ. ಕವಿಗಳ ದಾರಿ ಒಂದು, ಗಣಿತಜ್ಞರ ದಾರಿ ಮತ್ತೊಂದು. ಮೈಸೂರಿನ ಮಹಾರಾಜರು ಎರಡು ದಾರಿಗಳನ್ನೂ ಹಿಡಿದರು. ಮನೆಗಳಲ್ಲಿ ಅಕ್ಷರಗಳನ್ನಿಟ್ಟು, ಕುದುರೆಯ ಹಾರಿಕೆಯಲ್ಲಿ ಓದಿದರೆ ಇಷ್ಟದೈವವಾದ ಚಾಮುಂಡೇಶ್ವರಿಯ ಸ್ತುತಿಯಾಗುವಂತೆ ಹೊಂದಿಸಿದರು. ಅಂಕಿಗಳನ್ನಿಟ್ಟು ಮಾಯಾಚೌಕದ ಗುಣವುಳ್ಳ ನಡೆಗಳನ್ನೂ ರಚಿಸಿದರು.

ಈ ಎರಡನೆಯದು ಎಂತಹ ಸಾಹಸವೆಂಬುದನ್ನು ಸ್ವಲ್ಪ ವಿವರಿಸಬೇಕು. ಕುದುರೆಯು ಮೊದಲು ನಿಂತ ಮನೆಗೆ 1, ಮುಂದಿನದಕ್ಕೆ 2, ಹೀಗೆ ಕಡೆಯದಕ್ಕೆ 64 ಎಂದು ಬರೆದರೆ ಎಲ್ಲ ಅಂಕಿಗಳ ಮೊತ್ತ 2,080. ಅದರ ಎಂಟನೆಯ ಒಂದು ಪಾಲು 260. ಅಡ್ಡಸಾಲು ಎಂಟರಲ್ಲಿ ಯಾವುದನ್ನು ಕೂಡಿದರೂ, ಕಂಬಸಾಲು ಎಂಟರಲ್ಲಿ ಯಾವುದನ್ನು ಕೂಡಿದರೂ 260 ಬರುವಂತೆ ಕುದುರೆಯನ್ನು ನಡಸಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿಯೆಂಬಾತನು ಇಂತಹ ನಡೆಯೊಂದನ್ನು ಮೊದಲು ಪ್ರಕಟಿಸಿದ್ದು 1848ರಲ್ಲಿ. ಅದೇ ಶತಮಾನದ ನಡುಗಾಲದಲ್ಲಿ ಮೈಸೂರಿನ ಅರಮನೆಯಲ್ಲಿಯೂ ಈ ಕೃಷಿ ನಡೆದಿತ್ತು. ಎರಡು ಕರ್ಣಗಳ ಮೊತ್ತವೂ 260 ಆಗುವಂತಹ ನಡೆಯೊಂದಿದೆಯೇ ಎಂಬ ಸಂದೇಹವು ಮಾತ್ರ ಒಂದೂವರೆ ಶತಮಾನ ಉಳಿದು, ಎಂಟು ಮನೆಯ ಮಣೆಯಲ್ಲಿ ಅದು ಅಸಾಧ್ಯವೆಂದು 2003ರಲ್ಲಿ ಗಣಕಯಂತ್ರಗಳಿಂದ ನಿರ್ಣಯವಾಯಿತು.

ಚದುರಂಗದೊಡನೆ ಗಂಜೀಫೆಯೂ ಬೆಳೆಯಿತು. ಮಹಾರಾಜರು ಕಲ್ಪಿಸಿದ ಛದವೆಂಬ ಎಲೆಯಾಟಗಳಲ್ಲಿ ಚಾಮುಂಡೇಶ್ವರಿ ಛದವೊಂದಕ್ಕೇ ಹದಿನಾರು ಬಣ್ಣಗಳ 320 ಎಲೆಗಳು. ಇವುಗಳನ್ನು ಬರೆಯುವ ಚಿತ್ರಗಾರರಿಗೂ, ಮಣೆಗಳಿಗೆ ದಂತದ ಕೆತ್ತನೆ ಮಾಡುವವರಿಗೂ ಆ ಕಾಲದಲ್ಲಿ ಅರಮನೆಯೇ ಆಶ್ರಯ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಈ ಆಟಗಳನ್ನೇ ಚಿತ್ರಿಸಲಾಯಿತು. ಒಬ್ಬರ ಕೊಠಡಿಯಲ್ಲಿ ಮುಗಿಯಬಹುದಾಗಿದ್ದ ವಿನೋದವನ್ನು ಬಂದವರೆಲ್ಲರೂ ನೋಡುವಂತೆ ಗೋಡೆಗೇರಿಸಿದುದರಲ್ಲಿ ಹಂಚಿಕೊಳ್ಳುವ ಸಂತೋಷವೇ ಕಾಣುತ್ತದೆ. ಜಗಲಿಯ ಆಟಗಾರನು ದಾರಿಹೋಕನನ್ನು ಕರೆದು, ಈ ಕಟ್ಟನ್ನು ಬಿಡಿಸಿ ನೋಡೋಣ ಎನ್ನುವುದೂ ಇದೇ ಸಂತೋಷದಿಂದ.

ನೆರೆಯ ಕೊಡಗಿನ ಚಿಕ್ಕವೀರರಾಜೇಂದ್ರನ ಗತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. 1834ರಲ್ಲಿ ಪದಚ್ಯುತನಾಗಿ ಕಾಶಿಗೆ ಹೋದ ಆತನು 1852ರಲ್ಲಿ ಮಗಳೊಡನೆ ಲಂಡನ್ನಿಗೆ ತೆರಳಿ, ಅಲ್ಲಿ ತನ್ನ ಹಣಕ್ಕಾಗಿ ವ್ಯಾಜ್ಯ ಹೂಡಿ, ಪರದೇಶದಲ್ಲಿಯೇ ಮಡಿದನು. ಮುಮ್ಮಡಿಯವರು ತಮ್ಮ ಊರಿನಲ್ಲಿಯೇ, ತಮ್ಮ ಬೆಟ್ಟದ ದೇವಿಯ ಸನ್ನಿಧಿಯಲ್ಲಿಯೇ ಉಳಿದರು. ಅವರ ಭಾಗ್ಯವು ದೊಡ್ಡದೆಂದಲ್ಲ. ಆದರೆ ಕಾದಿರುವ ಶಕ್ತಿಯು ಅವರಲ್ಲಿತ್ತು. ಆ ಶಕ್ತಿಗೆ ಮಣೆಯು ಪ್ರತಿನಿತ್ಯವೂ ಊರೆಯಾಗಿದ್ದಿತೆಂದು ಊಹಿಸುವುದು ತಪ್ಪಾಗದು. ಕೋಪದಿಂದ ಕುದುರೆನಡೆಯು ಬಿಡುವುದಿಲ್ಲ, ಆತುರದಿಂದಲೂ ಬಿಡುವುದಿಲ್ಲ. ತಪ್ಪಿದರೆ ಅಂಕಿಗಳನ್ನು ಅಳಿಸಿ ಮತ್ತೆ ಒಂದರಿಂದ ಎಣಿಸಬೇಕು.

1865ರಲ್ಲಿ ಮಹಾರಾಜರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆ ಕುಮಾರರಿಗೆ ಪ್ರಾಪ್ತವಯಸ್ಸು ಬಂದಾಗ ರಾಜ್ಯವನ್ನು ಒಪ್ಪಿಸುವುದೆಂದು 1867ರಲ್ಲಿ ಬ್ರಿಟಿಷ್ ಸರ್ಕಾರವು ನಿಶ್ಚಯಿಸಿತು. ಮರುವರ್ಷವೇ ವೃದ್ಧಪ್ರಭುಗಳು ಕಾಲವಾದರು. 1881ರಲ್ಲಿ ರಾಜ್ಯವು ಹಿಂದಿರುಗಿದುದನ್ನು ಅವರು ಕಣ್ಣಿಂದ ಕಾಣಲಿಲ್ಲ. ಹಿಂದಿರುಗುವುದೆಂಬುದನ್ನು ಕೇಳಿ ಹೋದರು. ಆ ಚಾಮರಾಜೇಂದ್ರರ ಕುವರರಾದ ನಾಲ್ವಡಿ ಕೃಷ್ಣರಾಜ ಒಡೆಯರವರ ಹೆಸರನ್ನೇ, 1924ರ ಕಾವೇರಿಯ ಪ್ರವಾಹದಿಂದ ನೊಂದ ಎಡತೊರೆಯವರಿಗಾಗಿ ಕಟ್ಟಿದ ಕೃಷ್ಣರಾಜನಗರವು ಹೊತ್ತಿದೆ.

ಕರ್ನಾಟಕದ ಮೊದಲನೆಯ ಗ್ರಾಂಡ್‌ಮಾಸ್ಟರ್ ಪದವಿಯು 2017ರಲ್ಲಿ ಮೈಸೂರಿನ ಎಂ. ಎಸ್. ತೇಜಕುಮಾರರಿಗೆ ದೊರೆತುದನ್ನು ಈ ಪರಂಪರೆಯ ಫಲವೆಂದು ಹೇಳುವುದು ಸಾಹಸವಾದೀತು. ಆದರೂ ಮುಮ್ಮಡಿಯವರ ಊರಿಗೇ ಅದು ಸಂದುದು ಒಪ್ಪುವ ಮಾತು. ಪದವಿಯ ಆಸೆಯಿಲ್ಲದೆ, ಪಂಥಪಣಗಳಿಲ್ಲದೆ ಆಡುವ ವೃದ್ಧರಿಗಂತೂ ಮಹಾರಾಜರ ನಿದರ್ಶನವು ಯಾವಾಗಲೂ ಇದೆ. ಕೈಯಲ್ಲಿದ್ದ ಅಧಿಕಾರವು ಹೋದ ಮೇಲೆ ಉಳಿದ ಎಡೆಯು ಎಷ್ಟೇ ಕಿರಿದಾಗಿರಲಿ, ಅದರ ಒಂದು ಮನೆಯನ್ನೂ ಬಿಡದೆ ಸಂಚರಿಸಿದ ದೊರೆಯವರು. ಹುಣಸೂರಿನ ಜಗಲಿಯ ಮೇಲೆ ಇನ್ನೊಂದಾಟ ಆಗಲೆಂದು ಕಾಯಿಗಳನ್ನು ಮತ್ತೆ ಹೂಡುವವರನ್ನು ಕಂಡು, ಹೊತ್ತು ಕಳೆಯುತ್ತಿದ್ದಾರೆಂದು ಇನ್ನು ಯಾರೂ ಕನಿಕರಿಸಬೇಕಾದುದಿಲ್ಲ.