ಗೆದ್ದ ದಾವೆ, ಹೋದ ನೆಲ

ಅಮೆರಿಕ ಪಶ್ಚಿಮಕ್ಕೆ ಬೆಳೆದ ಕಥೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಚಿತ್ರಗಳು. ಕುದುರೆಗಳು, ಬಂದೂಕುಗಳು, ಬಟ್ಟೆಯ ಮುಸುಕು ಹೊದೆಸಿದ ಸಾಲು ಬಂಡಿಗಳು, ಗುಡ್ಡದ ಮೇಲಿನಿಂದ ಕೂಗುತ್ತ ಇಳಿಯುವ ಗರಿ ಮುಡಿದ ಸವಾರರು. ಆ ಚಿತ್ರಗಳಲ್ಲಿ ನೆಲ ಕೈಬದಲಾಗುವುದು ಕಾಳಗದಲ್ಲಿ. ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಬೇರೆ. ಎಷ್ಟೋ ನೆಲ ಮೊದಲು ಹೋದದ್ದು ಕಾಗದದ ಮೇಲೆ: ಕರಾರಿನಲ್ಲಿ, ಕಾಯಿದೆಯಲ್ಲಿ, ಮೋಜಣಿಯ ನಕ್ಷೆಯಲ್ಲಿ, ಕೊನೆಗೆ ಲಾಟರಿ ಚೀಟಿಯಲ್ಲಿ. ಬಂದೂಕು ಬಂದದ್ದು ಆಮೇಲೆ.

ಜಮೀನಿನ ವ್ಯಾಜ್ಯಗಳನ್ನೇ ಹೆಚ್ಚಾಗಿ ನಡೆಸುತ್ತಿದ್ದ ವಕೀಲರೊಬ್ಬರ ಬಳಿ ಬಹುಕಾಲ ಗುಮಾಸ್ತನಾಗಿದ್ದವನು ನಾನು. ಕಾಗದ ಗಟ್ಟಿಯಾಗಿದ್ದರೆ ನೆಲ ಗಟ್ಟಿ ಎಂಬ ನಂಬಿಕೆಯ ನೆರಳಿನಲ್ಲೇ ಹೊಟ್ಟೆ ಹೊರೆದವನು. ಆದ್ದರಿಂದಲೋ ಏನೋ, ಅಮೆರಿಕದ ಮೂಲನಿವಾಸಿಗಳ ಕಥೆಗಳಲ್ಲೆಲ್ಲ ನನ್ನನ್ನು ಬಿಡದೆ ಕಾಡಿದ್ದು ಚೆರೋಕೀ ಜನರ ಕಥೆ. ಏಕೆಂದರೆ ಅವರು ಕಾದಾಡಿದ್ದು ಕಾಗದದಿಂದ. ಕೋರ್ಟಿನಲ್ಲಿ ಗೆದ್ದರು ಕೂಡ.

ಚೆರೋಕೀಗಳ ನೆಲ ಇದ್ದದ್ದು ಈಗಿನ ಜಾರ್ಜಿಯಾ, ಟೆನೆಸ್ಸಿ, ಉತ್ತರ ಕೆರೊಲಿನಾ ಮತ್ತು ಅಲಬಾಮ ರಾಜ್ಯಗಳು ಕೂಡುವ ಬೆಟ್ಟಸೀಮೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅವರಲ್ಲಿ ಅನೇಕರು ನೇಗಿಲು ಹಿಡಿದ ಬೇಸಾಯಗಾರರು. ಮನೆ, ತೋಟ, ದನಕರು, ಹಿಟ್ಟಿನ ಗಿರಣಿ ಎಲ್ಲವೂ ಇತ್ತು. ನೆಲ ಮಾತ್ರ ಇಡೀ ಜನಾಂಗದ್ದು. ಅದರ ಮೇಲೆ ಕಟ್ಟಿದ್ದು, ಬೆಳೆದದ್ದು ಅವರವರದು. ‘ಸುಧಾರಿಸಿರಿ, ನಮ್ಮಂತೆ ಬಾಳಿರಿ’ ಎನ್ನುವುದು ಅಮೆರಿಕ ಸರ್ಕಾರವೇ ಅವರಿಗೆ ಕೊಡುತ್ತ ಬಂದಿದ್ದ ಬುದ್ಧಿವಾದ.

ಈ ಬುದ್ಧಿವಾದಕ್ಕೆ ಅವರಲ್ಲೊಬ್ಬ ಕೊಟ್ಟ ಉತ್ತರ ಜಗತ್ತಿನ ಬರವಣಿಗೆಯ ಇತಿಹಾಸದಲ್ಲೇ ಅಪರೂಪವಾದದ್ದು. ಸೆಕ್ವೋಯ ಎಂಬ ಬೆಳ್ಳಿ ಕೆಲಸಗಾರ. ಇಂಗ್ಲಿಷ್ ಓದಲು ಬಾರದು. ಬಿಳಿಯರು ಕಾಗದದ ಮೇಲೆ ಗೀಚಿ ದೂರದವರೊಡನೆ ಮಾತಾಡುತ್ತಾರೆ ಎಂಬುದಷ್ಟನ್ನು ಕಂಡು, ತನ್ನ ಭಾಷೆಗೂ ಅದು ಬರಬೇಕೆಂದು ವರ್ಷಗಟ್ಟಲೆ ಒಬ್ಬನೇ ಕೂತು, 1821ರ ಹೊತ್ತಿಗೆ ಲಿಪಿಯೊಂದನ್ನು ಮುಗಿಸಿದ. ನಮ್ಮ ಕಾಗುಣಿತದಲ್ಲಿ ‘ಕ’ಕಾರಕ್ಕೆ ಗುಡಿಸು, ಕೊಂಬು ಹಚ್ಚಿದರೆ ‘ಕಿ’, ‘ಕು’ ಆಗುತ್ತದೆ. ಅವನದರಲ್ಲಿ ಪ್ರತಿಯೊಂದು ಉಚ್ಚಾರಕ್ಕೂ ಬೇರೆಯೇ ಅಕ್ಷರ; ಬಳಕೆಯಲ್ಲಿ ಉಳಿದವು 85. ಕೆಲವು ಗುರುತುಗಳು ಇಂಗ್ಲಿಷ್ ಅಕ್ಷರಗಳಂತೆಯೇ ಕಾಣುತ್ತವೆ, ಆದರೆ ಧ್ವನಿ ಬೇರೆ. ‘ಡಬ್ಲ್ಯು’ ಹಾಗೆ ಕಾಣುವುದನ್ನು ‘ಲ’ ಎಂದು ಓದಬೇಕು. ಮೊದಲು ಕಲಿತವಳು ಅವನ ಪುಟ್ಟ ಮಗಳು. ಕೆಲವೇ ವರ್ಷಗಳಲ್ಲಿ ಸಾವಿರಾರು ಮಂದಿ ತಮ್ಮ ಭಾಷೆಯಲ್ಲಿ ಓದಿ ಬರೆಯತೊಡಗಿದರು.

ಲಿಪಿಯ ಬೆನ್ನಿಗೇ ಉಳಿದದ್ದೂ ಬಂತು. 1825ರಲ್ಲಿ ಜಾರ್ಜಿಯಾದ ನ್ಯೂ ಎಕೋಟ ರಾಜಧಾನಿಯಾಯಿತು. 1827ರಲ್ಲಿ ಲಿಖಿತ ಸಂವಿಧಾನ, ಶಾಸನಸಭೆ, ನ್ಯಾಯಾಲಯ. 1828ರ ಫೆಬ್ರುವರಿ 21ರಂದು ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಹೊರಟಿತು. ಚೆರೋಕೀ, ಇಂಗ್ಲಿಷ್ ಎರಡೂ ಭಾಷೆಗಳಲ್ಲಿ. ಅಚ್ಚಿನ ಮೊಳೆಗಳನ್ನು ಬೋಸ್ಟನ್ನಿನಲ್ಲಿ ಎರಕ ಹೊಯ್ಯಿಸಿ ತಂದಿದ್ದರು. ಸಂಪಾದಕ ಎಲಿಯಾಸ್ ಬೌಡಿನಾಟ್ ಎಂಬ ಚೆರೋಕೀ ತರುಣ.

ಸರಿ, ಸುಧಾರಿಸಿದ್ದಾಯಿತು. ಇನ್ನು ನೆಲದ ಚಿಂತೆ ಇಲ್ಲ ಎಂದು ಓದುಗರು ಅಂದುಕೊಳ್ಳಬಹುದು. ಆದದ್ದು ತಿರುಗುಮುರುಗು. ಕಾಡಿನವರು ಇಂದಲ್ಲ ನಾಳೆ ಹೋದಾರು. ಸಂವಿಧಾನ ಬರೆದುಕೊಂಡು, ರಾಜಧಾನಿ ಕಟ್ಟಿಕೊಂಡು ಕೂತವರು ಹೋಗುವುದೆಲ್ಲಿಗೆ? ಜಾರ್ಜಿಯಾ ರಾಜ್ಯಕ್ಕೆ ಸಿಟ್ಟು ಬಂತು. 1802ರಲ್ಲೇ ಕೇಂದ್ರ ಸರ್ಕಾರ ಅದಕ್ಕೊಂದು ಮಾತು ಕೊಟ್ಟಿತ್ತು: ನೀವು ಪಶ್ಚಿಮದ ಭೂಮಿಯ ಮೇಲಿನ ಹಕ್ಕು ಬಿಟ್ಟುಕೊಡಿ, ನಿಮ್ಮ ಗಡಿಯೊಳಗಿನ ಇಂಡಿಯನ್ನರ ಹಕ್ಕನ್ನು ನಾವು ಬಿಡಿಸಿಕೊಡುತ್ತೇವೆ ಎಂದು. ಇತ್ತ ಚೆರೋಕೀಗಳಿಗೂ ‘ಈ ನೆಲ ನಿಮ್ಮದು’ ಎಂದು ಅದೇ ಸರ್ಕಾರ ಒಪ್ಪಂದಗಳಲ್ಲಿ ರುಜು ಹಾಕಿತ್ತು. ಒಂದೇ ಜಮೀನಿಗೆ ಇಬ್ಬರಿಗೆ ಕರಾರು ಬರೆದುಕೊಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಒಂದು ದೇಶವೇ ಹಾಗೆ ಮಾಡಿದ್ದನ್ನು ಓದಿದ್ದು ಇಲ್ಲಿಯೇ.

ಅಷ್ಟರಲ್ಲಿ ಆ ಬೆಟ್ಟಗಳಲ್ಲಿ ಚಿನ್ನ ಸಿಕ್ಕಿತು. 1829ರ ಹೊತ್ತಿಗೆ ಅಗೆಯುವವರು ಸಾವಿರಗಟ್ಟಲೆ ನುಗ್ಗಿದರು. ಜಾರ್ಜಿಯಾ ಕಾಯಿದೆಗಳ ಮೇಲೆ ಕಾಯಿದೆ ಮಾಡಿತು. ಚೆರೋಕೀ ಸರ್ಕಾರದ ಕಾನೂನುಗಳು ರದ್ದು. ತಮ್ಮ ನೆಲದ ಚಿನ್ನವನ್ನು ಚೆರೋಕೀಗಳು ಅಗೆಯುವಂತಿಲ್ಲ. ಬಿಳಿಯನ ವಿರುದ್ಧದ ಮೊಕದ್ದಮೆಯಲ್ಲಿ ಅವರು ಸಾಕ್ಷಿ ನುಡಿಯುವಂತಿಲ್ಲ. ಕೋರ್ಟುಗಳ ಸುತ್ತ ಅಲೆದವರಿಗೆ ಈ ಕೊನೆಯ ಕಾಯಿದೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮನೆಗೆ ನುಗ್ಗಿ ದನ ಹೊಡೆದುಕೊಂಡು ಹೋದರೂ ಕಣ್ಣಾರೆ ಕಂಡವನ ಮಾತು ಮಾತಲ್ಲ.

ಕೇಂದ್ರದಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್. 1830ರ ಮೇ 28ರಂದು ಅವನು ರುಜು ಹಾಕಿದ ಕಾಯಿದೆಯ ಪ್ರಕಾರ ಮಿಸಿಸಿಪ್ಪಿ ನದಿಯ ಪೂರ್ವದ ಇಂಡಿಯನ್ನರ ನೆಲಕ್ಕೆ ಬದಲು ಪಶ್ಚಿಮದಲ್ಲಿ ನೆಲ ಕೊಟ್ಟು ಅವರನ್ನು ಸಾಗಿಸಬಹುದು. ಇದು ಸುಲಭವಾಗಿ ಆದ ಕಾಯಿದೆಯಲ್ಲ. ಕೆಳಮನೆಯಲ್ಲಿ 102ಕ್ಕೆ 97 ಮತ. ವಿರೋಧಿಸಿದವರಲ್ಲಿ ಜಾಕ್ಸನ್ನನ ಸ್ವಂತ ರಾಜ್ಯವಾದ ಟೆನೆಸ್ಸಿಯ ಡೇವಿ ಕ್ರಾಕೆಟ್ಟನೂ ಇದ್ದ. ನಾಲ್ಕಾರು ಮತ ಆಚೀಚೆ ಆಗಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಚೆರೋಕೀಗಳು ಸುಪ್ರೀಂ ಕೋರ್ಟಿಗೆ ಹೋದರು. ಅಟಾರ್ನಿ ಜನರಲ್ ಆಗಿದ್ದು ನಿವೃತ್ತನಾಗಿದ್ದ ವಿಲಿಯಂ ವರ್ಟ್ ಅವರ ವಕೀಲ. 1831ರಲ್ಲಿ ಮೊದಲ ದಾವೆ ನಿಲ್ಲಲಿಲ್ಲ. ಚೆರೋಕೀ ಜನಾಂಗ ಪರದೇಶವಲ್ಲ, ಆದ್ದರಿಂದ ಹೀಗೆ ನೇರವಾಗಿ ಬರುವಂತಿಲ್ಲ ಎಂದಾಯಿತು. ಎರಡನೆಯದಕ್ಕೆ ದಾರಿ ಮಾಡಿಕೊಟ್ಟದ್ದು ಜಾರ್ಜಿಯಾದ ದುಡುಕೇ. ಪರವಾನಗಿ ಇಲ್ಲದೆ ಚೆರೋಕೀ ಸೀಮೆಯಲ್ಲಿ ವಾಸವಾಗಿದ್ದಾರೆಂದು ಬಿಳಿಯ ಮಿಷನರಿಗಳನ್ನು ಹಿಡಿದು ನಾಲ್ಕು ವರ್ಷದ ಕಠಿಣ ಸಜೆ ವಿಧಿಸಿತು. ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಕ್ಷಮಾದಾನ ಪಡೆದು ಹೊರಬಂದರು. ಸ್ಯಾಮ್ಯುಯೆಲ್ ವುಸ್ಟರ್, ಎಲಿಜರ್ ಬಟ್ಲರ್ ಇಬ್ಬರು ಒಲ್ಲೆವೆಂದರು. ವುಸ್ಟರ್ ಪತ್ರಿಕೆಯ ಮೊಳೆಗಳ ಏರ್ಪಾಟಿನಲ್ಲಿ ಬೌಡಿನಾಟನಿಗೆ ಹೆಗಲು ಕೊಟ್ಟಿದ್ದವನು. ಅವನ ಹೆಸರಿನ ಮೊಕದ್ದಮೆಯಲ್ಲಿ 1832ರ ಮಾರ್ಚ್ 3ರಂದು ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ತೀರ್ಪು ಕೊಟ್ಟ: ಚೆರೋಕೀ ಜನಾಂಗ ತನ್ನ ಗಡಿಯೊಳಗೆ ಪ್ರತ್ಯೇಕ ರಾಜಕೀಯ ಸಮುದಾಯ, ಜಾರ್ಜಿಯಾದ ಕಾಯಿದೆಗೆ ಅಲ್ಲಿ ಬಲವಿಲ್ಲ. ಪ್ರತಿವಾದಿ ಜಾರ್ಜಿಯಾ ಕೋರ್ಟಿಗೆ ಹಾಜರಾಗಿಯೂ ಇರಲಿಲ್ಲ.

ನಮ್ಮ ವಕೀಲರು ಗೆದ್ದು ಬಂದ ಕಕ್ಷಿಗಾರನಿಗೆ ಮೊದಲು ಹೇಳುತ್ತಿದ್ದ ಮಾತೊಂದಿತ್ತು: ‘ಡಿಕ್ರಿ ಬಂತಪ್ಪ, ಇನ್ನು ಅಮಲ್ಜಾರಿ ಆಗಬೇಕು.’ ಸಿಹಿ ಹಂಚಲು ಹೊರಟವನ ಮುಖ ಸಣ್ಣಗಾಗುತ್ತಿತ್ತು. ಅಮೀನ ಹೋಗಬೇಕು, ಪೊಲೀಸರು ಬೇಕು, ಎದುರಾಳಿ ಮಣಿಯಬೇಕು. ಚೆರೋಕೀಗಳ ಡಿಕ್ರಿಗೆ ಅಮೀನನೇ ಇರಲಿಲ್ಲ. ‘ಮಾರ್ಷಲ್ ತೀರ್ಪು ಕೊಟ್ಟಿದ್ದಾನೆ, ಅವನೇ ಜಾರಿ ಮಾಡಿಕೊಳ್ಳಲಿ’ ಎಂದು ಜಾಕ್ಸನ್ ಅಂದನೆಂಬುದು ಪ್ರಸಿದ್ಧ. ಆದರೆ ಅವನು ಹಾಗೆಂದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಗೆಳೆಯನಿಗೆ ಬರೆದ ಪತ್ರದಲ್ಲಿ, ತೀರ್ಪು ಹುಟ್ಟುವಾಗಲೇ ಸತ್ತ ಕೂಸು ಎಂಬ ಅರ್ಥ ಬರುವಂತೆ ಬರೆದದ್ದು ಮಾತ್ರ ನಿಜ. ಮಿಷನರಿಗಳು ಮತ್ತೂ ಹತ್ತು ತಿಂಗಳು ಸೆರೆಯಲ್ಲಿದ್ದು, 1833ರ ಜನವರಿಯಲ್ಲಿ ಬಿಡುಗಡೆಯಾದರು. ಅದೂ ಗವರ್ನರನ ಕ್ಷಮೆಯಿಂದ.

ತೀರ್ಪು ಬಂದ ಅದೇ 1832ರಲ್ಲಿ ಜಾರ್ಜಿಯಾ ಚೆರೋಕೀ ನೆಲವನ್ನು ಅಳೆಸಿ ಲಾಟರಿಯಲ್ಲಿ ಹಂಚಿತು. ಚಿನ್ನದ ಸೀಮೆಯಲ್ಲಿ 40 ಎಕರೆಯ ತುಂಡು, ಉಳಿದೆಡೆ 160 ಎಕರೆ. 1835ರಲ್ಲಿ ವಾಷಿಂಗ್ಟನ್ನಿನಿಂದ ಊರಿಗೆ ಮರಳಿದ ಚೆರೋಕೀ ಮುಖ್ಯಸ್ಥ ಜಾನ್ ರಾಸ್‌ಗೆ ಕಂಡದ್ದು, ತನ್ನ ಮನೆಯಲ್ಲಿ ಲಾಟರಿ ಗೆದ್ದವನ ಸಂಸಾರ!

ಇಲ್ಲಿಂದ ಮುಂದೆ ಕಥೆ ಇನ್ನೂ ನೋವಿನದು, ಏಕೆಂದರೆ ಮನೆ ಒಳಗಿನಿಂದಲೇ ಒಡೆಯಿತು. ಹಿರಿಯ ಮುಖಂಡ ಮೇಜರ್ ರಿಡ್ಜ್, ಅವನ ಮಗ ಜಾನ್ ರಿಡ್ಜ್, ಸಂಪಾದಕ ಬೌಡಿನಾಟ್ ಮೂವರೂ ಮೊದಲು ಸ್ಥಳಾಂತರಕ್ಕೆ ಕಡುವಿರೋಧಿಗಳು. ಗೆದ್ದ ತೀರ್ಪು ಕಾಗದವಾಗಿಯೇ ಉಳಿದದ್ದನ್ನು ಕಂಡು, ಇನ್ನು ಇಲ್ಲಿದ್ದರೆ ಜನವೇ ಉಳಿಯುವುದಿಲ್ಲ, ಸಿಕ್ಕಷ್ಟು ಪಡೆದು ಹೋಗೋಣ ಎಂದರು. ರಾಸ್ ಒಪ್ಪಲಿಲ್ಲ, ಬಹುಸಂಖ್ಯೆಯ ಜನರೂ ಒಪ್ಪಲಿಲ್ಲ. ಆ ಅಭಿಪ್ರಾಯವನ್ನು ಪತ್ರಿಕೆಯಲ್ಲಿ ಹಾಕಲು ಬಿಡದಿದ್ದಾಗ ಬೌಡಿನಾಟ್ ಸಂಪಾದಕತ್ವ ಬಿಟ್ಟ. 1835ರ ಡಿಸೆಂಬರ್ 29ರಂದು ನ್ಯೂ ಎಕೋಟದಲ್ಲಿ, ಜನಾಂಗದ ಸರ್ಕಾರದ ಒಪ್ಪಿಗೆಯಿಲ್ಲದೆ, ಬೆರಳೆಣಿಕೆಯ ಮಂದಿ ಒಪ್ಪಂದಕ್ಕೆ ಸಹಿ ಮಾಡಿದರು. ಐವತ್ತು ಲಕ್ಷ ಡಾಲರಿಗೆ ಪೂರ್ವದ ನೆಲವೆಲ್ಲ ಹೋಯಿತು. ಒಪ್ಪಿಗೆಯಿಲ್ಲದೆ ನೆಲ ಮಾರಿದವನಿಗೆ ಮರಣವೇ ಶಿಕ್ಷೆ ಎಂಬುದು ಅವರದೇ ಕಾನೂನು. ಅದನ್ನು ಬಲ್ಲವರೇ ಸಹಿ ಹಾಕಿದರು.

ಈ ಒಪ್ಪಂದ ನಮ್ಮದಲ್ಲ ಎಂದು ಹದಿನೈದು ಸಾವಿರಕ್ಕೂ ಹೆಚ್ಚು ಹೆಸರುಗಳ ಮನವಿ ವಾಷಿಂಗ್ಟನ್ನಿಗೆ ಹೋಯಿತು. ಅದಕ್ಕೂ ಮೊದಲೇ, 1836ರ ಮೇ ತಿಂಗಳಲ್ಲಿ, ಸೆನೆಟ್ ಒಪ್ಪಂದವನ್ನು ಸ್ಥಿರಪಡಿಸಿಯಾಗಿತ್ತು. ಒಂದೇ ಒಂದು ಮತ ಕಡಿಮೆ ಬಿದ್ದಿದ್ದರೂ ಅದು ಬಿದ್ದುಹೋಗುತ್ತಿತ್ತು.

1838ರ ಮೇ ತಿಂಗಳಲ್ಲಿ ಗಡುವು ಮುಗಿಯಿತು. ಜನರಲ್ ವಿನ್‌ಫೀಲ್ಡ್ ಸ್ಕಾಟ್ ಸುಮಾರು 7,000 ಸೈನಿಕರೊಡನೆ ಬಂದ. ಹೊಲದಲ್ಲಿದ್ದವರನ್ನು ಹೊಲದಿಂದ, ಮನೆಯಲ್ಲಿದ್ದವರನ್ನು ಮನೆಯಿಂದ ಎಬ್ಬಿಸಿ ಮರದ ಗೂಟಗಳ ಆವರಣಗಳೊಳಗೆ ಕೂಡಿದರು. ಬೇಸಗೆಯಲ್ಲಿ ಶಿಬಿರಗಳಲ್ಲೇ ರೋಗ ಹಬ್ಬಿ ಸಾವು ಶುರುವಾಯಿತು. ಬರದಿಂದ ನದಿಗಳು ಇಳಿದು ದೋಣಿ ಸಾಗದಾದಾಗ ಪ್ರಯಾಣ ನಿಂತಿತು. ಉಳಿದವರನ್ನು ತಾನೇ ಕರೆದೊಯ್ಯುತ್ತೇನೆಂದು ರಾಸ್ ಒಪ್ಪಿಸಿಕೊಂಡ. ಹದಿಮೂರು ತಂಡಗಳು ಶರತ್ಕಾಲದಲ್ಲಿ ಹೊರಟವು. ಹಿಮದಲ್ಲಿ, ಮಂಜುಗಡ್ಡೆ ತೇಲುವ ಮಿಸಿಸಿಪ್ಪಿಯ ದಡದಲ್ಲಿ ಕಾದು, ಕೊನೆಯವರು ಮುಟ್ಟಿದ್ದು 1839ರ ಮಾರ್ಚಿನಲ್ಲಿ. ಒಟ್ಟು ಸುಮಾರು 16,000 ಜನರಲ್ಲಿ ಸುಮಾರು 4,000 ಮಂದಿ ಸತ್ತರೆಂಬುದು ಬಹುಕಾಲದಿಂದ ನಡೆದುಬಂದ ಅಂದಾಜು. ಅವರಲ್ಲಿ ರಾಸ್‌ನ ಹೆಂಡತಿಯೂ ಒಬ್ಬಳು. ಇದನ್ನೇ ‘ಕಣ್ಣೀರಿನ ಹಾದಿ’ ಎನ್ನುತ್ತಾರೆ. ಅದೇ ವರ್ಷ ಜೂನ್ 22ರಂದು ರಿಡ್ಜ್ ತಂದೆ-ಮಗ, ಬೌಡಿನಾಟ್ ಮೂವರನ್ನೂ ಸ್ವಜನರೇ ಕೊಂದರು.

ಯಾರು ಸರಿ ಎಂಬ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ರಿಡ್ಜ್ ಹೇಳಿದಂತೆಯೇ ಕೊನೆಗೆ ಆಯಿತಲ್ಲ ಎನ್ನುವವರಿದ್ದಾರೆ. ಆದರೆ ಜನ ಕೊಡದ ಅಧಿಕಾರದಿಂದ ಜನರ ನೆಲ ಬರೆದುಕೊಟ್ಟವನ ದೂರದೃಷ್ಟಿಗೆ ಬೆಲೆಯೆಷ್ಟು? ನನ್ನ ಮನಸ್ಸು ರಾಸ್‌ನ ಕಡೆಗೇ ವಾಲುತ್ತದೆ. ಹಾಗೆಂದು ಇದನ್ನು ದೇವತೆಗಳ ಕಥೆ ಮಾಡಬೇಕಾಗಿಲ್ಲ. ಚೆರೋಕೀ ಸಿರಿವಂತರು ಕಪ್ಪು ಗುಲಾಮರನ್ನು ಇಟ್ಟುಕೊಂಡಿದ್ದರು, ರಾಸ್‌ಗೂ ಗುಲಾಮರಿದ್ದರು. 1835ರ ಗಣತಿಯಲ್ಲಿ ಅಂಥವರು ಸುಮಾರು 1,600 ಮಂದಿ. ಅವರೂ ಆ ಹಾದಿಯನ್ನು ತುಳಿದರು. ಕಳೆದುಕೊಳ್ಳಲು ಅವರ ಹೆಸರಿನಲ್ಲಿ ನೆಲವೂ ಇರಲಿಲ್ಲ. ಇನ್ನು, ಚೆರೋಕೀಗಳಿಗೆ ಕೊಟ್ಟ ಪಶ್ಚಿಮದ ನೆಲವೂ ಬರಿದಾಗಿದ್ದದ್ದಲ್ಲ. ಓಸೇಜ್ ಜನರಿಂದ ಒಪ್ಪಂದಗಳ ಮೂಲಕ ಬಿಡಿಸಿಕೊಂಡದ್ದು.

ಆ ಹೊಸ ನೆಲವನ್ನು ನಿಮ್ಮ ಸಮ್ಮತಿಯಿಲ್ಲದೆ ಯಾವ ರಾಜ್ಯಕ್ಕೂ ಸೇರಿಸುವುದಿಲ್ಲ ಎಂದು 1835ರ ಒಪ್ಪಂದ ಹೇಳಿತ್ತು. ಅರವತ್ತು ವರ್ಷ ಕಳೆಯುವುದರೊಳಗೆ ವಲಸೆಯ ಅಲೆ ಅಲ್ಲಿಗೂ ಮುಟ್ಟಿತು. 1893ರ ಸೆಪ್ಟೆಂಬರ್ 16ರಂದು ಚೆರೋಕೀಗಳಿಂದ ಪಡೆದ ಸುಮಾರು 60 ಲಕ್ಷ ಎಕರೆಯ ಪಟ್ಟಿಯ ಗಡಿಯಲ್ಲಿ ಲಕ್ಷದಷ್ಟು ಜನ ಸೇರಿ, ಬಂದೂಕಿನ ಸದ್ದಾದೊಡನೆ ಕುದುರೆ, ಬಂಡಿ ಓಡಿಸಿ ಸಿಕ್ಕ ಸಿಕ್ಕಲ್ಲಿ ಗೂಟ ನೆಟ್ಟರು. 1898ರ ಕಾಯಿದೆ ಜನಾಂಗದ ಒಟ್ಟು ನೆಲವನ್ನು ತುಂಡು ತುಂಡಾಗಿ ಹಂಚುವಂತೆ ಮಾಡಿತು. 1905ರಲ್ಲಿ ಅಲ್ಲಿನ ಐದು ಜನಾಂಗದವರು ‘ಸೆಕ್ವೋಯ’ ಹೆಸರಿನ ತಮ್ಮದೇ ರಾಜ್ಯ ಬೇಕೆಂದು ಸಂವಿಧಾನ ಬರೆದು ಮತ ಹಾಕಿದರು. ಕಾಂಗ್ರೆಸ್ ಅದನ್ನು ಕಣ್ಣೆತ್ತಿ ನೋಡಲಿಲ್ಲ. 1907ರಲ್ಲಿ ಓಕ್ಲಹೋಮ ರಾಜ್ಯವಾಯಿತು.

ಹಾಗಾದರೆ ಬರೆದದ್ದೆಲ್ಲ ವ್ಯರ್ಥವೇ? ಕಡತಗಳ ನಡುವೆ ಬಾಳಿದವನಿಗೆ ಈ ಪ್ರಶ್ನೆ ಸುಮ್ಮನೆ ಬರುವುದಲ್ಲ. ಉತ್ತರ ಬಂದದ್ದು 2020ರ ಜುಲೈ 9ರಂದು. ಚೆರೋಕೀಗಳಂತೆಯೇ ಪಶ್ಚಿಮಕ್ಕೆ ಅಟ್ಟಿಸಿಕೊಂಡಿದ್ದ ಕ್ರೀಕ್ ಜನಾಂಗಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಒಪ್ಪಂದದಿಂದ ಬಂದ ಮೀಸಲು ಸೀಮೆಯನ್ನು ಕಾಂಗ್ರೆಸ್ ಎಂದೂ ಸ್ಪಷ್ಟ ಮಾತಿನಲ್ಲಿ ರದ್ದು ಮಾಡಿಲ್ಲ, ಆದ್ದರಿಂದ ಅದು ಕಾನೂನಿನ ಕಣ್ಣಿನಲ್ಲಿ ಇನ್ನೂ ಇದೆ ಎಂದು ಐದಕ್ಕೆ ನಾಲ್ಕರ ಬಹುಮತದಲ್ಲಿ ಹೇಳಿತು. ಮರುವರ್ಷ ಓಕ್ಲಹೋಮದ ನ್ಯಾಯಾಲಯ ಅದನ್ನೇ ಚೆರೋಕೀ ಸೀಮೆಗೂ ಅನ್ವಯಿಸಿತು. ಹೊಲಮನೆಗಳ ಒಡೆತನವೇನೂ ಬದಲಾಗಲಿಲ್ಲ. ಬದಲಾದದ್ದು ಮುಖ್ಯವಾಗಿ ಅಪರಾಧಗಳನ್ನು ವಿಚಾರಿಸುವ ಅಧಿಕಾರ. 2022ರಲ್ಲಿ ಅದೇ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪಿನಿಂದ ಆ ಅಧಿಕಾರದಲ್ಲಿ ರಾಜ್ಯಕ್ಕೂ ಒಂದಿಷ್ಟು ಪಾಲು ಕೊಟ್ಟಿತು. ಅದಿರಲಿ. ನೂರು ವರ್ಷ ಧೂಳು ತಿಂದ ಕಾಗದ ಬಾಯಿ ಬಿಟ್ಟಿತೆಂಬುದು ಸಣ್ಣ ಸಂಗತಿಯಲ್ಲ.

ಕೊನೆಯದಾಗಿ ಇನ್ನೊಂದು ವಿಷಯ. ಬಹುಪಾಲು ಜನ ತಮ್ಮದಲ್ಲವೆಂದ ಆ 1835ರ ಒಪ್ಪಂದದಲ್ಲೇ ಒಂದು ಕಲಮು ಇದೆ: ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಚೆರೋಕೀ ಜನಾಂಗಕ್ಕೆ ಒಬ್ಬ ಪ್ರತಿನಿಧಿ ಇರುವ ಹಕ್ಕು. 2019ರಲ್ಲಿ ಚೆರೋಕೀ ಸರ್ಕಾರ ಆ ಸ್ಥಾನಕ್ಕೆ ಕಿಂಬರ್ಲಿ ಟೀಹೀ ಎಂಬಾಕೆಯನ್ನು ಹೆಸರಿಸಿತು. 2022ರ ನವೆಂಬರಿನಲ್ಲಿ ಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು. ಅಜ್ಜಂದಿರು ತಿರಸ್ಕರಿಸಿದ ಪತ್ರವನ್ನೇ ಮೊಮ್ಮಕ್ಕಳು ಮಡಿಕೆ ಬಿಡಿಸಿ ಮುಂದಿಟ್ಟು, ನೆಲ ತೆಗೆದುಕೊಂಡಿರಿ, ಬದಲಿಗೆ ಕೊಡುತ್ತೇವೆಂದು ನೀವೇ ಬರೆದದ್ದು ಇಲ್ಲಿದೆ, ಓದಿಕೊಳ್ಳಿ ಎನ್ನುತ್ತಿದ್ದಾರೆ. ಕುರ್ಚಿ ಇನ್ನೂ ಸಿಕ್ಕಿಲ್ಲ. ಕೇಳುವುದನ್ನು ಅವರು ಬಿಟ್ಟಿಲ್ಲ.